ನೂರೈದು ಡಿಗ್ರಿ

ರಾಯಚೂರಿನ ಗಂಜಿನ ಹಿಂದ, ಎಣ್ಣಿ ಗಿರಣಿಯ ಲ್ಯಾಬಿನಾಗ
ಅಕಿ ಮೊದಲು ಕೇಳಿದ್ದು ನೀರಲ್ಲ, ಫ್ಯಾನಲ್ಲ,
ತಕ್ಕಡಿ.

ಎಪ್ಪತ್ತನಾಲ್ಕರ ಮೇ ತಿಂಗಳು.
ತಾಷ್ಕೆಂಟಿನಿಂದ ಬಂದ ಐದು ಮಂದ್ಯಾಗ ಒಬ್ಬಾಕಿ,
ಮಾವ್ಜುದಾ ಅಂತ ಹೆಸರು,
ಹತ್ತಿಬೀಜದೊಳಗಿನ ಹಳದಿ ವಿಷ ಬ್ಯಾರೆ ಮಾಡೂ ವಿದ್ಯೆ ಬಲ್ಲಾಕಿ.
ಭಂಡಾರಿ ಸೇಠ ಹಾರ ಹಾಕಿದ.
ಅಕಿ ಅದನ್ನ ತಗದು ಗಾಜಿನ ಬೀಕರಿಗೆ ಹಾಕಿ
ಕೈ ತೊಳಕೊಂಡ್ಳು.

ದುಭಾಷಿ ಹೈದರಾಬಾದಿನಾಗ ಜ್ವರ ಬಂದು ಮಲಗಿದ್ದ.
ನಮಗೇನು, ಬಜಾರ ಅಂದ್ರ ಬಜಾರ,
ಕಲಮು ಅಂದ್ರ ಕಲಮು,
ಪ್ಯಾಲಿ ಅಂದ್ರ ಅಕಿಗೂ ತಿಳೀತಿತ್ತು.
ಜ್ವಾಳದ ರೊಟ್ಟಿ ಬೆಳಕಿಗೆ ಹಿಡದು "ನಾನ್" ಅಂದ್ಳು.
ರೊಟ್ಟಿ ತೋರಿಸಿ ನಾನು ಅಂತಾಳಲ್ಲ ಅಂತ
ಲ್ಯಾಬೆಲ್ಲ ನಕ್ಕಿತು. ಅಕಿನೂ ನಕ್ಕಳು, ಯಾಕಂತ ಗೊತ್ತಿಲ್ಲದ.

ಮಧ್ಯಾಹ್ನ ಅಂಡಿಗಿ ಬಿಚ್ಚಿಸಿದ್ಲು.
ರಾತ್ರೆಲ್ಲ ಕೊಡಗಟ್ಲೆ ನೀರು ಕುಡಿಸಿದ ಹತ್ತಿ.
ಗಂಜಿನಾಗ ಎಲ್ಲರಿಗೂ ಗೊತ್ತು, ಯಾರೂ ಅನ್ನಂಗಿಲ್ಲ.
ಹಿಡಿಯಷ್ಟು ಕರೆಂಟಿನ ಒಲಿಯಾಗಿಟ್ಟು
ಮುಳ್ಳು ನೂರೈದಕ್ಕ ತಿರುವಿ
ನನ್ನ ಕಡೆ ಬೆರಳು ಮಾಡಿದ್ಲು:
"ಅವ್ವಲ್ ಕುರಿತ್. ಕೇಯಿನ್ ತೊರ್ತ್."
ಅವ್ವಲ್ ಗೊತ್ತಿತ್ತು, ನಿಜಾಮನ ಕಾಲದ
ಅವ್ವಲ್ ತಾಲೂಕದಾರನ ಕಥಿ ಅಜ್ಜ ಹೇಳತಿದ್ದ.
ಉಳಿದದ್ದು ಕೈಲೆ ತೋರಿಸಿದ್ಲು.
ಮೊದಲು ಒಣಗಿಸು. ಆಮ್ಯಾಲ ತೂಗು.

ನೂರಕ್ಕ ಹತ್ತೊಂಬತ್ತು ನೀರು.
ಸೇಠ ಚೀಟಿ ಓದಿ, ನಾಕು ಮಡಿಕಿ ಮಾಡಿ,
ಎಲಿ ಅಡಿಕಿ ಚೀಲದಾಗ ಇಟಗೊಂಡ.

ಹತ್ತು ವರ್ಷಕ್ಕ
ಮಗಳ ಗಣಿತ ಪುಸ್ತಕಕ್ಕ ಹೊದಿಕಿ ಹಾಕುವಾಗ
ರಷ್ಯಾದ ನುಣುಪು ಕಾಗದದ ಮಾಸಿಕದಾಗ ಸಿಕ್ಕಳು.
ತಲಿ ನೆರೆತಿತ್ತು. ಕೋಟಿನ ಮ್ಯಾಲ ಬಿಲ್ಲೆ.
ರಸಾಯನ ವಿಜ್ಞಾನಿ, ಸರ್ವೋಚ್ಚ ಸಭೆಯ ಸದಸ್ಯೆ
ಅಂತ ಕೆಳಗ ಅಚ್ಚು.
ಹಿಂದಿನ ಹಲಗಿ ತುಂಬ ಹತ್ತಿಯ ಲೆಕ್ಕ,
ಸೊನ್ನಿಗೊಳು ಅಂಡಿಗಿ ಒಟ್ಟಿದಂಗ.
ಕನ್ನಡಕ ಒರಸಿ ಎಣಿಸಿದೆ.
ಇದು ಒಣಗಿಸಿದ ಮ್ಯಾಲಿನದೋ, ಮುಂಚಿನದೋ?
ಫೋಟೋದಾಗ ಅಕಿ ಬಾಯಿ ತೆರೆದಿತ್ತು.
ಏನನ್ನಾಕತ್ತಿದ್ಲೋ.
ಮಡಿಕಿ ಸರಿಯಾಗಿ ಅಕಿ ಮಾರಿ ಮ್ಯಾಲ ಬಂತು.

ನಾನೂ ಒಂದ್ಸಲ ಆರಿಸಿ ಬಂದೆ,
ಹದಿನೇಳನೇ ವಾರ್ಡು, ನಲವತ್ತೊಂದು ಓಟಿಲೆ.
ನೀರಿನ ವರದಿ ಟೇಬಲಿಗೆ ಬಂತು:
ಮೂರು ಬೋರು, ಮೂರಕ್ಕೂ ಒಂದೇ ಅಂಕಿ,
ದಶಮಾಂಶದ ಚುಕ್ಕಿ ಸಹಿತ.
ಬಾಟಲಿ ಯಾರೂ ಮುಟ್ಟಿಲ್ಲ ಅಂತ ನನಗಲ್ಲದ ಯಾರಿಗೆ ಗೊತ್ತಾಗಬೇಕು?
ಸಾಹೇಬ ಕ್ಯಾಪು ತಗದೇ ಪೆನ್ನು ಕೊಟ್ಟ.
ಕಲಮು ಅಂದ್ರ ಕಲಮು.
ಮಲ್ದಕಲ್ಲಪ್ಪ ಅನ್ನೂದು ಉದ್ದನ ಹೆಸರು,
ಬರದು ಮುಗಿಸಾಕ ಹೊತ್ತು ಹಿಡೀತು.

ಈಗ ಆ ದೊಡ್ಡ ದೇಶ ಇಲ್ಲ. ಅಕಿ ಇದ್ದಾಳೋ ಇಲ್ಲೋ.
ಗಿರಣಿ ಗುಜರಿಗೆ ಹೋದಾಗ
ಆ ಒಲಿ ನಾ ತೂಕಕ್ಕ ಕೊಂಡು ತಂದೆ.
ಮೊಮ್ಮಗಳು ಅದರಾಗ ಶಾಲಿ ಬೂಟು ಇಡ್ತಾಳ.
ಮುಳ್ಳು ನೂರೈದರ ಹತ್ರ ತುಕ್ಕು ಹಿಡದು ನಿಂತದ.

ಕಲ್ಲು ಸಿಡಿಯೂ ಬ್ಯಾಸಗಿ ಮಧ್ಯಾಹ್ನ
ಯಾರೂ ಇಲ್ಲದಾಗ ಬೂಟು ತಗದು
ಒಳಗ ಕೈ ಇಟ್ಟು ನೋಡ್ತೀನಿ.

ತಣ್ಣಗದ.