ಮೈ ಮುರಿಯುವ ಸದ್ದು

ಬೈಕಲ್ ಸರೋವರದ ನಟ್ಟನಡುವೆ
ಅಪ್ಪ ವ್ಯಾನು ನಿಲ್ಲಿಸಿ ಎಂಜಿನ್ ಆರಿಸಿದ.
ಹಿಂದೆ ಗೋಣಿಯಲ್ಲಿ ಹಾಲಿನ ಬಿಲ್ಲೆಗಳು,
ಕಡ್ಡಿ ಸಿಕ್ಕಿಸಿ ರಾತ್ರಿಯಿಡೀ ಕಲ್ಲಾಗಲು ಬಿಟ್ಟವು,
ಕಟಕಟ ಅಂದು ಸುಮ್ಮನಾದವು.

"ಕೇಳು, ಸೆಸೆಗ್ಮಾ."

ಮೊದಲು ಏನೂ ಇಲ್ಲ.
ಆಮೇಲೆ ದೂರ, ದ್ವೀಪದ ಕಡೆಯಿಂದ,
ಬಿಗಿದ ತಂತಿ ಮೀಟಿ ಯಾರೋ ಕೈಬಿಟ್ಟ ಹಾಗೆ
ಟ್ಯೂಂವ್
ಗಾಲಿಯಡಿ ಹಾದು, ನನ್ನ ಹಲ್ಲಿನ ಬುಡ ಮುಟ್ಟಿ
ಆಚೆ ದಡಕ್ಕೆ ಹೋಗಿ ಇಳಿಯಿತು.
ಎರಡು ಉಸಿರು ಬಿಟ್ಟು ಇನ್ನೊಂದು.
ಐದು ಬಿಟ್ಟು ಮತ್ತೊಂದು.
ತೊಡೆ ತಟ್ಟಿ ಎಣಿಸಹೋದೆ,
ಎಡ ಎಲ್ಲಿಂದ ಅಂತಲೇ ಸಿಗಲಿಲ್ಲ.

"ಒಡೀತಾ ಇದೆಯಾ ಅಪ್ಪಾ?"
"ಮೈ ಮುರೀತಾ ಇದೆ. ಬಿಸಿಲು ಬಿತ್ತಲ್ಲ.
ದನಿ ಇರುವ ತನಕ ದಾರಿ ಇದೆ."

ಇವತ್ತು ಏಪ್ರಿಲ್ ಹನ್ನೊಂದು.
ವ್ಯಾನು ನನ್ನದು, ಕೈಗವಸು ಅವನವು,
ಬೆರಳ ತುದಿಗಳು ಖಾಲಿ.
ದಡದಲ್ಲಿ ಮಂಡಿಯೂರಿ ಕಿವಿ ಇಟ್ಟೆ.
ತಣ್ಣಗೆ, ಒದ್ದೆ. ಅಷ್ಟೆ.
ಬೆನ್ನ ಹಿಂದೆ ಗೋಣಿಯಿಂದ ಹಾಲು
ಟಪ್. ಟಪ್. ಟಪ್.
ಒಂದಕ್ಷರವೂ ತಪ್ಪದ ತಾಳ,
ಮಗುವೂ ಎಣಿಸಬಹುದು.

ಇನ್ನೂ ಸ್ವಲ್ಪ ಹೊತ್ತು ಕಾದೆ.
ಕೆನ್ನೆ ಮರಗಟ್ಟಿತು.
ಗಾಡಿ ತಿರುಗಿಸಿದೆ.
ಹಾಲು ಮನೆಯಲ್ಲೇ ಮೊಸರಾಗುತ್ತದೆ,
ಆಗಲಿ.