ಕಾಲಮ್ಮಿಲ್ಲದ್ದು

ಮೊದಲೇ ಹೇಳಿಬಿಡುತ್ತೇನೆ, ನನಗೆ ಅದರ ಮೇಲೆ ಸಿಟ್ಟಿಲ್ಲ.
ಕೆಂಪು ಬಟ್ಟೆ ಹೊದ್ದ ಇಪ್ಪತ್ತಾರು ಖಾತೆಪುಸ್ತಕ
ಒಂದೇ ಮಳೆಗಾಲದಲ್ಲಿ ಗೆದ್ದಲಿಗೆ ಊಟವಾದದ್ದು
ಆಜಾದ್ ನಗರದ ಈ ಗೋಡೆಗೆ ಗೊತ್ತು.
ಈಗ ಲೆಕ್ಕ ಮೋಡದಲ್ಲಿದೆಯಂತೆ.
ಅಷ್ಟೆತ್ತರ ಗೆದ್ದಲು ಹತ್ತುವುದಿಲ್ಲ.

ಮೂರು ಭಟ್ಟಿ, ಹದಿನೆಂಟು ಅಂಗಡಿ, ಹರಿಹರದ ಗೋದಾಮು,
ಎಲ್ಲ ಒಂದೇ ಪರದೆಯಲ್ಲಿ.
ಅನ್ವರ್‌ಪಾಷಾ ಬಣ್ಣದ ಕಂಬಗಳ ಮೇಲೆ ಬೆರಳಾಡಿಸಿ
‘ನೋಡ್ರಿ ಹಾಲಸ್ವಾಮಿ,
ರಾಣೆಬೆನ್ನೂರಾಗ ಬುಧವಾರ ಮಂಡಕ್ಕಿ ಯಾರಿಗೂ ಬ್ಯಾಡ’ ಅಂದ.
ನಿಜ.
ಪ್ರತಿ ಬುಧವಾರ ಲಾರಿ ಕಳಿಸುತ್ತಿದ್ದವನು ನಾನೇ,
ಅವರಪ್ಪನ ಕಾಲದಿಂದ.
ಅಷ್ಟೂ ಡೀಸೆಲ್ಲನ್ನು ರಸ್ತೆ ಕುಡಿದಿತ್ತು.
ಒಪ್ಪಿಕೊಂಡೆ. ಚಹಾ ಗಂಟಲಲ್ಲಿ ಸ್ವಲ್ಪ ಹೊತ್ತು ನಿಂತಿತು.

ಆಮೇಲೆ ಅದು ಮಮ್ತಾಜ್‌ಬಿಯನ್ನು ಹಿಡಿಯಿತು.
ಉಳಿದವರು ದಿನಕ್ಕೆ ಹನ್ನೊಂದು ಚೀಲ, ಆಕೆ ಒಂಬತ್ತು.
ಹೆಸರಿನ ಪಕ್ಕ ಕೆಂಪು ಚುಕ್ಕೆ, ಕೆಳಮುಖದ ಬಾಣ.
ಉಸುಕು ಹದಕ್ಕೆ ಬಂತೋ ಎಂದು ಆಕೆ
ಮೊಣಕೈಯ ಒಳಮಗ್ಗುಲಿಂದ ನೋಡುತ್ತಾಳೆ.
ಅಕ್ಕಿ ಚಟ್ ಅನ್ನುವ ಮುಂಚೆ
ಬಾಣಲೆ ಒಂದು ಗಳಿಗೆ ಸುಮ್ಮನಾಗುತ್ತದಂತೆ,
ಅದಕ್ಕೆ ಕಾಯುತ್ತಾಳೆ.
ಆ ಗಳಿಗೆಗೆ ಕಾಲಮ್ಮಿಲ್ಲ.
ಮೂರನೇ ದಿನವೂ ಮೆತ್ತಗಾಗದ ಮಂಡಕ್ಕಿಗೂ ಇಲ್ಲ.
ಒಂದು ಹಾಕಿಕೊಡಿ ಎಂದು ಫೋನು ಮಾಡಿದೆ.
ಕಂಪನಿಯ ಹುಡುಗಿ ಬೆಣ್ಣೆಯಂಥ ದನಿಯಲ್ಲಿ ಹೇಳಿದಳು,
‘ಅದು ದೊಡ್ಡ ಪ್ಲಾನಲ್ಲಿ ಬರುತ್ತೆ ಸರ್.’

ಇನ್ನೊಂದು ಮಾತು.
ಲೆಕ್ಕ ಒಳಗೆ ಹಾಕಲು ಕಾಸಿಲ್ಲ, ಹೊರಗೆ ತೆಗೆಯಲು ಇದೆ.
ನಮ್ಮದೇ ಚೀಲ, ನಮ್ಮದೇ ಹಮಾಲಿ,
ಗೇಟಿನಲ್ಲಿ ಮಾತ್ರ ಡಾಲರಿನ ಚೀಟಿ.
ನೆಟ್ಟು ಹೋದ ಮಧ್ಯಾಹ್ನ ಗಿರಾಕಿ ಬಂದು
‘ನನ್ನ ಬಾಕಿ ಎಷ್ಟ್ರಿ’ ಅಂದರೆ
ಧಣಿ, ನಾನು, ಇಬ್ಬರೂ ತಲೆಯೆತ್ತಿ
ಮಸಿ ಹಿಡಿದ ತಗಡು ನೋಡುತ್ತೇವೆ.
ಆಗ ನನ್ನ ಜೇಬಿನ ಪುಟ್ಟ ಡೈರಿ ಮೆಲ್ಲಗೆ ಹೊರಬರುತ್ತದೆ.
ಅದರ ವಿಷಯ ಯಾರಿಗೂ ಹೇಳಬೇಡಿ.

ನಿನ್ನೆ ಮಮ್ತಾಜ್‌ಬಿಯ ಮುಂದೆ ಹನ್ನೊಂದು ಎಂದು ಒತ್ತಿದೆ.
ಚುಕ್ಕೆ ಹಸಿರಾಯಿತು.
ಇಲ್ಲದ ಎರಡು ಚೀಲ ಎಲ್ಲಿಂದ ಬಂತೆಂದು
ಅಷ್ಟು ಜಾಣ ಯಂತ್ರ ಕೇಳಲಿಲ್ಲ.
ತಿಂಗಳ ಕೊನೆಗೆ ಕೇಳುತ್ತದೆ, ಗೊತ್ತು.
ಅಷ್ಟರೊಳಗೆ ಅನ್ವರ್‌ಪಾಷಾನ ಮುಂದೆ ಎರಡು ತಟ್ಟೆ ಇಡಬೇಕು,
ಆಕೆಯದೊಂದು, ಉಳಿದವರದೊಂದು,
ಎರಡೂ ಮೂರು ದಿನದ ಹಳತು.
ಪರದೆ ಮುಚ್ಚಪ್ಪಾ, ಒಂದು ಮುಕ್ಕು ಅಗಿ,
ಸದ್ದು ಕೇಳು.