ಪೆಟ್ಟು

ಕಾಯಿ ಗಿಲಗಿಲ ಎಂದ ದಿನವೇ ಕಿತ್ತಿದ್ದಳು ಲಮೂಸ.
ಅಲಸಂದೆಯೊಂದನ್ನು ಹಲ್ಲಿಗಿಟ್ಟಳು: ಕಟ್.
ಸರಿ, ಒಣಗಿದೆ.

ಬಡಿದದ್ದು ಮಾತ್ರ ಸಿಟ್ಟಿನಲ್ಲಿ.
ಬಾವಿಯ ಬಳಿ ಸವತಿ ಆಡಿದ ಮಾತು
ಕೋಲಿಗೆ ಇಳಿದಿತ್ತು.

ಮೂರು ಪದರದ ಚೀಲ.
ಗಾಳಿ ಹಿಂಡಿ, ಕತ್ತು ತಿರುಚಿ, ಬಿಗಿದು ಕಟ್ಟಿದಳು.
ಒಳಗೆ ಹುಳ ಉಸಿರುಗಟ್ಟಿ ಸತ್ತಿತು.
ಪೆಟ್ಟು ಸಾಯಲಿಲ್ಲ,
ಸಿಪ್ಪೆಯಡಿ ಕೂದಲೆಳೆಯಷ್ಟು ಸೀಳಾಗಿ
ಎಂಟು ತಿಂಗಳು ಮಲಗಿತ್ತು.

ಜುಲೈ. ಯಾಟೆಂಗಾದ ಕೆಂಪು ನೆಲಕ್ಕೆ ಮಳೆ.
ಅರ್ಧ ಗುಳಿ ಖಾಲಿ;
ಎದ್ದವುಗಳಲ್ಲೂ ಕೆಲವು
ಒಂದೇ ಬೇಳೆ ಹೊತ್ತು, ಕುಂಟುತ್ತ.

ಸಿಬ್ದು ಬಂದಳು.
ಸೋರೆಬುರುಡೆ ಬಗ್ಗಿಸಿ ಬೀಜ ಸುರಿದಳು.
"ಕೈಯಲ್ಲೇ ಬಿಡಿಸಿದ್ದು," ಅಂದಳು,
ಇನ್ನೇನೂ ಅನ್ನಲಿಲ್ಲ.

ಲಮೂಸ ಒಂದೊಂದೇ ಎಣಿಸಿ ತಗೊಂಡಳು,
ಸಾಲವೆಂದೇ.